ಮೈಸೂರಿನಲ್ಲಿ ಹೋದ ಭಯ ತವರಿಗೆ ಹೋದಾಗ ಮತ್ತೆ ಯಾಕೆ ಬರುತ್ತದೆ?

ಪ್ರಶ್ನೆ: ಡಾಕ್ಟ್ರೇ, ನನಗೆ 33 ವರ್ಷ. ತವರು ಕೊಡಗಿನ ಮಕ್ಕಂದೂರು ಕಡೆ, ಈಗಿರುವುದು ಮೈಸೂರಿನಲ್ಲಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ತವರಲ್ಲೇ ಇದ್ದೆ. ಕರೆಂಟ್ ಇರಲಿಲ್ಲ. ಬೆಳಗಿನ ಜಾವ ಅಪ್ಪ, ಅಮ್ಮ, ನಾನು ಟಾರ್ಚ್ ಹಿಡಿದು ತೋಟದ ಒಳಗಿಂದ ನಡೆದು ಹೊರಟೆವು. ಪಕ್ಕದ ಮನೆಯ ಕೊಟ್ಟಿಗೆ ಮಣ್ಣಿನ ಜೊತೆ ಇಳಿದು ಹೋಗಿದ್ದನ್ನು ನೋಡಿದೆ. ರಸ್ತೆಗೆ ಹೇಗೆ ತಲುಪಿದೆವು ಅಂತ ಇವತ್ತಿಗೂ ನೆನಪಿಲ್ಲ. ಹಸಿ ಮಣ್ಣಿನ ಆ ವಾಸನೆ, ಯಾರದೋ ನಾಯಿ ಒಂದೇ ಸಮ ಬೊಗಳುತ್ತಿದ್ದದ್ದು ಮಾತ್ರ ನಿನ್ನೆ ಆದ ಹಾಗಿದೆ. ನಮ್ಮ ಮನೆ ಉಳಿಯಿತು. ತೋಟ ಬಿಟ್ಟು ಬರಲಾಗದೆ ಅಪ್ಪ ಅಮ್ಮ ಅಲ್ಲೇ ಇದ್ದಾರೆ.

ಒಂದು ವರ್ಷ ನನಗೇನೂ ಆಗಲಿಲ್ಲ. ಮಗಳು ಹುಟ್ಟಿದ ವರ್ಷದ ಮಳೆಗಾಲದಲ್ಲಿ ಶುರುವಾಯಿತು. ಶೀಟಿನ ಮೇಲೆ ಜೋರು ಮಳೆ ಬಿದ್ದರೆ ಎದೆ ಹೊಡೆದುಕೊಳ್ಳುತ್ತದೆ, ಕೈ ತಣ್ಣಗಾಗುತ್ತದೆ, ರಾತ್ರಿ ಎದ್ದು ಗೋಡೆ ಮುಟ್ಟಿ ನೋಡುತ್ತೇನೆ. ಮೈಸೂರಿನಲ್ಲೇ ಒಬ್ಬ ಮನಶ್ಶಾಸ್ತ್ರಜ್ಞರ ಹತ್ತಿರ ಕೆಲವು ತಿಂಗಳು ಹೋದೆ. ಚೆನ್ನಾಗಿ ಗುಣವಾಯಿತು. ಮಳೆ ಬಂದರೂ ನಿದ್ದೆ ಬರುತ್ತಿತ್ತು. ಕಳೆದ ಜುಲೈಯಲ್ಲಿ ತವರಿಗೆ ಹೋದೆ. ಎರಡನೇ ರಾತ್ರಿ ಮಳೆ ಹಿಡಿಯಿತು. ಎಲ್ಲವೂ ವಾಪಸ್ ಬಂತು. ಆ ರಾತ್ರಿಯೇ ಕಾರು ಹತ್ತಿ ಹೊರಟುಬಿಟ್ಟೆ. ಈಗ ಮೈಸೂರಿನ ಮಳೆಗೂ ಮೊದಲಿನ ಹಾಗೇ ಆಗುತ್ತಿದೆ.

ಅತ್ತೆ ಆ ಜಾಗದಲ್ಲೇ ದೋಷ ಇದೆ ಅನ್ನುತ್ತಾರೆ. ನಮ್ಮ ಯಜಮಾನರು ಇನ್ನು ಆ ಕಡೆ ಹೋಗುವುದೇ ಬೇಡ ಅನ್ನುತ್ತಾರೆ. ಅಣ್ಣ, ಮಳೆಗಾಲದಲ್ಲೇ ಒಂದು ವಾರ ಬಂದು ಇರು, ತಾನಾಗಿ ಹೋಗುತ್ತೆ ಅನ್ನುತ್ತಾನೆ. ಬ್ಯಾಗಿನಲ್ಲಿ ಯಾವಾಗಲೂ ಒಂದು ಮಾತ್ರೆ ಇಟ್ಟುಕೊಂಡಿರುತ್ತೇನೆ. ಈಚೆಗೆ ಮಗಳೂ ಮಳೆ ಬಂದರೆ ಕಿವಿ ಮುಚ್ಚಿಕೊಳ್ಳುತ್ತಾಳೆ. ನಾನು ಮಾಡಿಸಿಕೊಂಡ ಚಿಕಿತ್ಸೆ ದಂಡವಾಯಿತಾ? ತಪ್ಪು ಜಾಗದ್ದೋ, ನನ್ನದೋ?

ಉತ್ತರ: ನಿಮ್ಮನ್ನು ಜಾಸ್ತಿ ಕಾಡುತ್ತಿರುವ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಚಿಕಿತ್ಸೆ ದಂಡವಾಗಿಲ್ಲ. ಅದು ಮೈಸೂರಿನಲ್ಲಿ ಚೆನ್ನಾಗಿಯೇ ಕೆಲಸ ಮಾಡಿತು. ತವರಿನಲ್ಲಿ ಮಾಡಬೇಕಿದ್ದ ಭಾಗ ಬಾಕಿ ಉಳಿದಿತ್ತು, ಅಷ್ಟೇ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಭಯ ಕಲಿಯುವುದು ಹೇಗೆ, ಕಡಿಮೆಯಾಗುವುದು ಹೇಗೆ ಅಂತ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ದೊಡ್ಡ ಅಪಾಯದ ಹೊತ್ತಿನಲ್ಲಿ ಮಿದುಳು ನಡೆದದ್ದನ್ನು ಕತೆಯ ಹಾಗೆ ಮೊದಲಿಂದ ಕೊನೆಯವರೆಗೆ ಬರೆದಿಟ್ಟುಕೊಳ್ಳುವುದಿಲ್ಲ. ಅಡ್ರಿನಲಿನ್ ಏರಿದಾಗ ಗಮನವೆಲ್ಲ ಕೆಲವೇ ಸಂಗತಿಗಳ ಮೇಲೆ ನೆಡುತ್ತದೆ. ಅವು ಬಹಳ ಗಟ್ಟಿಯಾಗಿ ಉಳಿಯುತ್ತವೆ. ಉಳಿದದ್ದು ಬಿಟ್ಟುಹೋಗುತ್ತದೆ. ರಸ್ತೆಗೆ ತಲುಪಿದ್ದು ಮರೆತು ನಾಯಿಯ ಬೊಗಳು ಉಳಿದಿರುವುದು ಇದೇ ಕಾರಣಕ್ಕೆ. ಎಷ್ಟೋ ಜನ ಇದಕ್ಕೆ ಹೆದರುತ್ತಾರೆ, ನನಗೇನೋ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಅಂಥ ರಾತ್ರಿಯ ನೆನಪು ಸಾಮಾನ್ಯವಾಗಿ ಹೀಗೇ ಇರುತ್ತದೆ.

ಮಿದುಳಿನ ಆಳದಲ್ಲಿ ಬಾದಾಮಿ ಆಕಾರದ ಅಮಿಗ್ಡಾಲ ಅನ್ನುವ ಭಾಗವಿದೆ. ಯಾವ ಶಬ್ದ, ಯಾವ ವಾಸನೆ ಅಪಾಯದ ಜೊತೆ ಬಂದಿತ್ತು ಅನ್ನುವುದು ಅದರ ಲೆಕ್ಕ. ಅದರ ಪಕ್ಕದಲ್ಲೇ ಇರುವ ಹಿಪೊಕ್ಯಾಂಪಸ್ ಎಲ್ಲಿ, ಯಾವಾಗ, ಯಾವ ಸನ್ನಿವೇಶದಲ್ಲಿ ಅನ್ನುವುದನ್ನು ಜೋಡಿಸುತ್ತದೆ. 1992ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳು ಇದನ್ನು ಸ್ಪಷ್ಟವಾಗಿ ತೋರಿಸಿದವು. ಒಂದು ಪೆಟ್ಟಿಗೆಯಲ್ಲಿಟ್ಟು, ಶಬ್ದ ಕೇಳಿಸಿ, ಸಣ್ಣ ಶಾಕ್ ಕೊಟ್ಟರೆ ಇಲಿ ಶಬ್ದಕ್ಕೂ ಹೆದರುತ್ತದೆ, ಆ ಪೆಟ್ಟಿಗೆಗೂ ಹೆದರುತ್ತದೆ. ಹಿಪೊಕ್ಯಾಂಪಸ್‌ಗೆ ಹಾನಿಯಾದರೆ ಪೆಟ್ಟಿಗೆಯ ಭಯ ಹೋಗುತ್ತದೆ, ಶಬ್ದದ ಭಯ ಮಾತ್ರ ಉಳಿಯುತ್ತದೆ. ನಿಮ್ಮ ವಿಷಯದಲ್ಲಿ ಶೀಟಿನ ಮೇಲಿನ ಮಳೆ ಸದ್ದು ಆ ಶಬ್ದ. ತವರುಮನೆ, ಕತ್ತಲೆ, ಆ ತಿಂಗಳು ಎಲ್ಲಾ ಸೇರಿ ಆ ಪೆಟ್ಟಿಗೆ. ಬೇರೆ ಕಡೆ ಒಂದೊಂದೇ ಎದುರಾಗುತ್ತದೆ, ತವರಿನಲ್ಲಿ ಎಲ್ಲವೂ ಒಟ್ಟಿಗೆ ಬರುತ್ತವೆ.

ವಾಸನೆಯ ವಿಷಯ ಇನ್ನೂ ಸೂಕ್ಷ್ಮ. ಕಣ್ಣು, ಕಿವಿಯ ಸುದ್ದಿ ಥಲಾಮಸ್ ಅನ್ನುವ ನಿಲ್ದಾಣ ದಾಟಿ ಮುಂದೆ ಹೋಗುತ್ತದೆ. ಮೂಗಿನ ಸುದ್ದಿಗೆ ಆ ನಿಲ್ದಾಣವಿಲ್ಲ, ನೇರವಾಗಿ ಅಮಿಗ್ಡಾಲ ತಲುಪುತ್ತದೆ. ಹಾಗಾಗಿ ಹಸಿ ಮಣ್ಣಿನ ವಾಸನೆ ಬಂದಾಗ 'ಇದು ಏನು' ಅಂತ ಯೋಚಿಸುವ ಮೊದಲೇ ಮೈ ಎಚ್ಚರವಾಗಿರುತ್ತದೆ.

ಈ ನೆನಪು ನಮ್ಮ ಅರಿವಿಗೆ ಕಾಯುವುದಿಲ್ಲ ಅನ್ನುವುದಕ್ಕೆ ಒಂದು ಹಳೆಯ ಉದಾಹರಣೆ ಇದೆ. ಜಿನೀವಾದ ವೈದ್ಯ ಎಡ್ವರ್ಡ್ ಕ್ಲಾಪರೇಡ್ 1911ರಲ್ಲಿ ಬರೆದಿಟ್ಟದ್ದು. ಅವರ ಒಬ್ಬ ರೋಗಿಗೆ ಹೊಸ ನೆನಪೇ ನಿಲ್ಲುತ್ತಿರಲಿಲ್ಲ. ದಿನಾ ನೋಡುವ ವೈದ್ಯರೂ ಆಕೆಗೆ ಹೊಸಬರೇ. ಒಂದು ದಿನ ಅವರು ಬೆರಳ ಸಂದಿಯಲ್ಲಿ ಗುಂಡುಸೂಜಿ ಇಟ್ಟುಕೊಂಡು ಆಕೆಯ ಕೈ ಹಿಡಿದರು. ಚುಚ್ಚಿತು. ಸ್ವಲ್ಪ ಹೊತ್ತಿಗೆ ಆಕೆಗೆ ಅದು ಮರೆತೇ ಹೋಯಿತು. ಆದರೆ ಮತ್ತೆ ಕೈ ಚಾಚಿದಾಗ ತನ್ನ ಕೈ ಹಿಂದಕ್ಕೆಳೆದುಕೊಂಡಳು. ಯಾಕೆ ಅಂತ ಕೇಳಿದರೆ ಆಕೆಗೆ ಸರಿಯಾದ ಉತ್ತರ ಗೊತ್ತಿರಲಿಲ್ಲ. ಇವತ್ತು ಯಾವ ವೈದ್ಯರೂ ಹೀಗೆ ಮಾಡಬಾರದು, ಅದು ಬೇರೆ ಮಾತು. ಮನಸ್ಸಿಗೆ ತಿಳಿಯದ ಸಂಗತಿ ಮೈಗೆ ತಿಳಿದಿರಬಹುದು ಅನ್ನುವುದಕ್ಕೆ ಇದಕ್ಕಿಂತ ಸರಳ ಉದಾಹರಣೆ ನನಗೆ ಸಿಕ್ಕಿಲ್ಲ. 'ಇಲ್ಲಿ ನಮ್ಮ ಮನೆ ಹಿಂದೆ ಗುಡ್ಡವೇ ಇಲ್ಲ, ಯಾಕೆ ಹೆದರುತ್ತೀ' ಅಂತ ಮನೆಯವರು ಬಿಡಿಸಿ ಹೇಳಿದರೂ ನಿಮ್ಮ ಕೈ ತಣ್ಣಗಾಗುವುದು ನಿಲ್ಲದಿರುವುದು ಇದಕ್ಕೇ. ಮನಸ್ಸು ಗಟ್ಟಿ ಇಲ್ಲ ಅನ್ನುವ ಮಾತನ್ನು ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆ ಕತ್ತಲಲ್ಲಿ ನಡೆದು ಬಂದವರು ನೀವು.

ಈಗ ಮುಖ್ಯ ವಿಷಯ. ಚಿಕಿತ್ಸೆಯಿಂದ ಹಳೆಯ ಭಯದ ನೆನಪು ಅಳಿಸಿಹೋಗುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಅಳಿಸುವುದಿಲ್ಲ. 'ಮಳೆ ಸದ್ದು ಬಂದರೂ ಏನೂ ಆಗುವುದಿಲ್ಲ' ಅನ್ನುವ ಹೊಸ ಪಾಠ ಹಳೆಯದರ ಪಕ್ಕದಲ್ಲಿ ಕೂರುತ್ತದೆ. ಎರಡೂ ಇರುತ್ತವೆ. ಯಾವುದು ಮೇಲೆ ಬರಬೇಕು ಅನ್ನುವುದನ್ನು ಬಹುಮಟ್ಟಿಗೆ ಸುತ್ತಲಿನ ಜಾಗ ತೀರ್ಮಾನಿಸುತ್ತದೆ. ಅಮೆರಿಕದ ಮನೋವಿಜ್ಞಾನಿ ಮಾರ್ಕ್ ಬೌಟನ್ 1979ರಿಂದ ಇದನ್ನೇ ಅಧ್ಯಯನ ಮಾಡುತ್ತಾ ಬಂದರು. ಒಂದು ಪೆಟ್ಟಿಗೆಯಲ್ಲಿ ಭಯ ಕಲಿತ ಇಲಿಗೆ ಇನ್ನೊಂದು ಪೆಟ್ಟಿಗೆಯಲ್ಲಿ ಭಯ ಬಿಡಿಸಿದರು. ಅಲ್ಲಿ ಅದು ಆರಾಮಾಗಿತ್ತು. ಮೊದಲ ಪೆಟ್ಟಿಗೆಗೆ ವಾಪಸ್ ಬಿಟ್ಟ ಕೂಡಲೇ ಭಯ ಮರಳಿ ಬಂತು. ಭಯದ ಪಾಠ ಬೇರೆ ಜಾಗಕ್ಕೂ ಸುಲಭವಾಗಿ ಹರಡುತ್ತದೆ. ಸಮಾಧಾನದ ಪಾಠ ಮಾತ್ರ ಕಲಿತ ಜಾಗಕ್ಕೇ ಅಂಟಿಕೊಳ್ಳುತ್ತದೆ. ಪ್ರಾಣ ಉಳಿಸಿಕೊಳ್ಳುವ ದೃಷ್ಟಿಯಿಂದ ಮಿದುಳು ಹೀಗೆ ಲೆಕ್ಕ ಹಾಕುವುದರಲ್ಲಿ ಅರ್ಥವಿದೆ. ಒಂದು ಕಡೆ ಹುಲಿ ಇಲ್ಲ ಅಂದ ಮಾತ್ರಕ್ಕೆ ಎಲ್ಲಾ ಕಡೆ ಇಲ್ಲ ಅನ್ನಲಾಗುವುದಿಲ್ಲ, ಅಲ್ವಾ?

ಮೈಸೂರಿನ ಅಗಲ ರಸ್ತೆಯಲ್ಲಿ ಕಾರು ಕಲಿತವರನ್ನು ಮೊದಲ ಸಲ ಮಳೆಯಲ್ಲಿ ಸಂಪಾಜೆ ಘಾಟಿ ಇಳಿಸಿ ಅಂದರೆ ಕೈ ನಡುಗುತ್ತದೆ. ಅವರಿಗೆ ಡ್ರೈವಿಂಗ್ ಮರೆತಿದೆ ಅಂತ ನಾವು ಹೇಳುವುದಿಲ್ಲ. ಘಾಟಿಯಲ್ಲೂ ಕಲಿಯಬೇಕು ಅನ್ನುತ್ತೇವೆ. ನಿಮ್ಮ ಸ್ಥಿತಿಯೂ ಅಷ್ಟೇ. ಅರ್ಧ ರಾತ್ರಿಯಲ್ಲಿ ಕಾರು ಹತ್ತಿ ಹೊರಟಿದ್ದರಿಂದ ಮಾತ್ರ ಒಂದು ತೊಂದರೆ ಆಯಿತು. ಭಯ ತುದಿಗೇರಿದಾಗ ಜಾಗ ಬಿಟ್ಟೆವು, ತಕ್ಷಣ ಹಗುರವಾಯಿತು. ಮಿದುಳು ಅದರಿಂದ 'ಹೊರಟಿದ್ದಕ್ಕೇ ಬದುಕಿದೆ' ಅಂತ ಕಲಿಯುತ್ತದೆ. ಮೈಸೂರಿನ ಮಳೆಗೂ ಭಯ ಮರಳಿದ್ದರಲ್ಲಿ ಇದರ ಪಾಲಿದೆ. ಇದನ್ನು ನಿಮ್ಮ ತಪ್ಪು ಅಂತ ಹೇಳುತ್ತಿಲ್ಲ. ಆ ಹೊತ್ತಿನಲ್ಲಿ ಯಾರೇ ಆದರೂ ಹೊರಡುತ್ತಿದ್ದರು.

ಒಂದು ವರ್ಷ ಸುಮ್ಮನಿದ್ದು ಆಮೇಲೆ ಯಾಕೆ ಶುರುವಾಯಿತು ಅನ್ನುವುದೂ ನಿಮ್ಮ ಪತ್ರದಲ್ಲಿದೆ. ಆಘಾತದ ನಂತರದ ಒತ್ತಡದ ಕಾಯಿಲೆಯನ್ನು ಪಿಟಿಎಸ್‌ಡಿ ಅನ್ನುತ್ತೇವೆ. ಅದು 6 ತಿಂಗಳು ದಾಟಿದ ಮೇಲೂ ಪೂರ್ತಿಯಾಗಿ ಕಾಣಿಸಿಕೊಳ್ಳಬಹುದು. ಮೊದಲ ವರ್ಷ ಮನೆ, ಪರಿಹಾರದ ಕಾಗದಪತ್ರ, ಓಡಾಟ ಅಂತ ಕೆಲಸದಲ್ಲೇ ಕಳೆದುಹೋಗುತ್ತದೆ. ನಂತರ ಮಗು ಬಂತು. ಬಾಣಂತನದ ನಿದ್ದೆಗೇಡು ಇತ್ತು, ಕಾಪಾಡಬೇಕಾದ ಜೀವ ಒಂದು ಕೈಯಲ್ಲಿತ್ತು, ಮೇಲೆ ಮಳೆಗಾಲ. ಸನ್ನಿವೇಶ ಅಂದರೆ ಬರೀ ಸ್ಥಳವಲ್ಲ. ಕ್ಯಾಲೆಂಡರ್, ಕತ್ತಲೆ, ನಿಮ್ಮ ಮೈಯ ಸುಸ್ತು, ಜೊತೆಯಲ್ಲಿ ಯಾರಿದ್ದಾರೆ ಅನ್ನುವುದು, ಎಲ್ಲವೂ ಅದರಲ್ಲಿ ಸೇರುತ್ತವೆ. 2024ರ ಜುಲೈ 30ರಂದು ವಯನಾಡಿನ ಚೂರಲ್‌ಮಲ, ಮುಂಡಕ್ಕೈ ಕೊಚ್ಚಿಹೋದ ದೃಶ್ಯಗಳನ್ನು ಟಿವಿಯಲ್ಲಿ ದಿನವಿಡೀ ನೋಡಿ, 2018ನ್ನು ಕಂಡವರಿಗೆ ನಿದ್ದೆ ಕೆಟ್ಟಿದ್ದರೆ ಆಶ್ಚರ್ಯವಿಲ್ಲ. ಸುದ್ದಿ ತಿಳಿದುಕೊಳ್ಳಿ. ಅದೇ ವಿಡಿಯೊವನ್ನು ಮತ್ತೆ ಮತ್ತೆ ನೋಡಬೇಡಿ.

ಕಾಲ ಎಲ್ಲವನ್ನೂ ಮಾಸಿಸುತ್ತದೆ ಅನ್ನುವುದು ಹೆಚ್ಚಿನವರ ಪಾಲಿಗೆ ನಿಜ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ ಬದುಕಿನಲ್ಲಿ ಒಮ್ಮೆಯಾದರೂ ಇಂಥ ಆಘಾತ ಎದುರಿಸುವವರು ಶೇ. 70ರಷ್ಟು. ಪಿಟಿಎಸ್‌ಡಿ ಆಗುವುದು ಅವರಲ್ಲಿ ಸುಮಾರು ಶೇ. 5.6 ಜನರಿಗೆ ಮಾತ್ರ. ನಿಮ್ಮ ಅಣ್ಣನಿಗೆ ಏನೂ ಆಗಿಲ್ಲದಿದ್ದರೆ ಅದು ಸಹಜ. ನಿಮಗೆ ಆಗಿದ್ದರೆ ಅದಕ್ಕೂ ಕಾರಣಗಳಿವೆ. ಆದರೆ ಇಷ್ಟು ವರ್ಷವಾದ ಮೇಲೂ ಉಳಿದಿರುವ ಭಯ ಸುಮ್ನೆ ಕಾದರೆ ಹೋಗುತ್ತದೆ ಅಂತ ನಾನು ಹೇಳಲಾರೆ.

ಜಾಗದ ದೋಷದ ಮಾತು. ಅತ್ತೆಯವರಿಗೆ ಪೂಜೆ ಮಾಡಿಸಿದರೆ ನೆಮ್ಮದಿ ಅನ್ನಿಸಿದರೆ ಮಾಡಿಸಲಿ, ಅದರಿಂದ ಚಿಕಿತ್ಸೆಗೆ ಅಡ್ಡಿಯಿಲ್ಲ. ಆದರೆ ಜಾಗದ ವಿಷಯದಲ್ಲಿ ನಿಜವಾಗಿ ಕೇಳಬೇಕಾದ ಪ್ರಶ್ನೆ ಬೇರೆ ಇದೆ, ಅದನ್ನು ಮನೋವೈದ್ಯರೂ ಮರೆಯಬಾರದು. ನಿಮ್ಮ ತವರುಮನೆ ಹಿಂದಿನ ಇಳಿಜಾರು ಈಗ ಸುರಕ್ಷಿತವಾಗಿದೆಯೇ? ಕೊಡಗಿನ ಆ ಅನಾಹುತದ ನಂತರ ಅಧ್ಯಯನ ಮಾಡಿದ ಭೂವಿಜ್ಞಾನಿಗಳು ವಿಪರೀತ ಮಳೆಯ ಜೊತೆಗೆ ರಸ್ತೆಗೆ, ಮನೆಗೆ ಗುಡ್ಡವನ್ನು ನೇರ ಕತ್ತರಿಸಿದ್ದನ್ನೂ ಕಾರಣವಾಗಿ ಹೇಳಿದರು. ಮನೆ ಹಿಂದೆ ಹಾಗೆ ಕಡಿದ ಬರೆ, ಅಂದರೆ ಗೋಡೆಯ ಹಾಗೆ ನಿಂತ ಮಣ್ಣಿನ ದಿಬ್ಬ ಇದೆಯೇ? ನೆಲದಲ್ಲಿ ಹೊಸ ಬಿರುಕು, ವಾಲುತ್ತಿರುವ ಮರ ಅಥವಾ ಕರೆಂಟ್ ಕಂಬ, ಇದ್ದಕ್ಕಿದ್ದಂತೆ ಕೆಸರಾಗಿ ಬರುವ ಒರತೆ ನೀರು, ಸಲೀಸಾಗಿದ್ದ ಬಾಗಿಲು ಹಿಡಿದುಕೊಳ್ಳುವುದು, ಇಂಥದ್ದೇನಾದರೂ ಕಾಣುತ್ತಿದೆಯೇ? ಪಂಚಾಯಿತಿ, ತಾಲ್ಲೂಕು ಕಚೇರಿಯ ಮೂಲಕ ಪರಿಶೀಲನೆಗೆ ಅರ್ಜಿ ಕೊಡಿ. ಜಾಗ ಅಪಾಯದ್ದು ಅಂತಾದರೆ ಮಳೆ ಜೋರಾದ ವಾರಗಳಲ್ಲಿ ಅಪ್ಪ ಅಮ್ಮ ಮೈಸೂರಿಗೆ ಬಂದಿರಲಿ. ಅದನ್ನು ಹೇಡಿತನ ಅಂತ ಯಾರೂ ಅನ್ನಬಾರದು. ಅಂಥ ಮನೆಯಲ್ಲಿ 'ಧೈರ್ಯ ಅಭ್ಯಾಸ ಮಾಡಿ' ಅಂತ ನಾನು ಯಾವತ್ತೂ ಹೇಳುವುದಿಲ್ಲ. ರೆಡ್ ಅಲರ್ಟ್, ಆರೆಂಜ್ ಅಲರ್ಟ್ ಇರುವ ದಿನ ಭಯವಾದರೆ ಆ ಭಯ ಸರಿಯಾಗಿಯೇ ಇದೆ. ನಾವು ಕಡಿಮೆ ಮಾಡಬೇಕಾದದ್ದು ಅಪಾಯವಿಲ್ಲದ ಕಡೆ ಮೈ ಹಾಕುವ ಕೂಗನ್ನು.

ಇನ್ನು ನಿಮ್ಮ ಮುಂದಿರುವ ದಾರಿಗಳು.

ಯಜಮಾನರು ಹೇಳುವ ಹಾಗೆ ಆ ಕಡೆ ಹೋಗದೇ ಇರುವುದು ಮೊದಲು ಬಹಳ ಹಗುರ ಅನ್ನಿಸುತ್ತದೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ನಾನು ನೋಡಿದ ಮಟ್ಟಿಗೆ, ಬಿಟ್ಟ ಜಾಗ ಒಂದಕ್ಕೇ ನಿಲ್ಲುವುದಿಲ್ಲ. ಮೊದಲು ತವರು, ಆಮೇಲೆ ಮಡಿಕೇರಿ, ಆಮೇಲೆ ಕುಶಾಲನಗರದ ರಸ್ತೆ, ಕೊನೆಗೆ ಶೀಟು ಹಾಕಿದ ಯಾವ ಮನೆಯೂ ಆಗದು. ಜೊತೆಗೆ ವಯಸ್ಸಾದ ಅಪ್ಪ ಅಮ್ಮನ ಜೊತೆಗಿನ ದಿನಗಳು, ಸುಗ್ಗಿಯ ಪುತ್ತರಿ ಹಬ್ಬ, ನೆಂಟರ ಮದುವೆ ಎಲ್ಲವನ್ನೂ ನೀವು ಕಳೆದುಕೊಳ್ಳುತ್ತೀರಿ. ಆ ಜಾಗದಲ್ಲಿ ನಿಮ್ಮ ಬಾಲ್ಯದ ಒಳ್ಳೆಯ ನೆನಪುಗಳೂ ಇವೆ. ದೂರ ಉಳಿದರೆ ಅವುಗಳ ದಾರಿಯೂ ಮುಚ್ಚುತ್ತದೆ.

ಅಣ್ಣನ ಸಲಹೆಯಲ್ಲಿ ಒಂದು ಸತ್ಯವಿದೆ, ದೊಡ್ಡ ಅಪಾಯವೂ ಇದೆ. ಎದುರಿಸಬೇಕು ಅನ್ನುವುದು ಸರಿ. ಆಗಸ್ಟ್ ಮಳೆಯಲ್ಲಿ, ಸಿದ್ಧತೆಯಿಲ್ಲದೆ, ಒಂದು ವಾರ ಅನ್ನುವುದು ತಪ್ಪು. ನಡುವೆ ಓಡಿಬರಬೇಕಾದರೆ ಕಳೆದ ಜುಲೈ ಮತ್ತೆ ನಡೆದ ಹಾಗಾಗುತ್ತದೆ.

ನಾನು ಸೂಚಿಸುವುದು, ಮೊದಲು ಹೋಗುತ್ತಿದ್ದ ಮನಶ್ಶಾಸ್ತ್ರಜ್ಞರ ಹತ್ತಿರವೇ ವಾಪಸ್ ಹೋಗಿ. ನಡೆದದ್ದನ್ನು ಹೇಳಿ, ಚಿಕಿತ್ಸೆಯನ್ನು ತವರಿನವರೆಗೆ ವಿಸ್ತರಿಸಬೇಕು ಅಂತ ಕೇಳಿ. ಆಘಾತದ ನೆನಪನ್ನು ನೇರವಾಗಿ ತೆಗೆದುಕೊಳ್ಳುವ ಮಾತಿನ ಚಿಕಿತ್ಸೆಗಳಿವೆ. ಭಯ ಹುಟ್ಟಿಸುವ ನೆನಪು, ಸನ್ನಿವೇಶಗಳನ್ನು ಹಂತ ಹಂತವಾಗಿ ಎದುರಿಸುವ ಎಕ್ಸ್‌ಪೋಶರ್ ಚಿಕಿತ್ಸೆ ಒಂದು, ಕಣ್ಣಿನ ಚಲನೆ ಬಳಸುವ ಇಎಂಡಿಆರ್ ಇನ್ನೊಂದು. ಎರಡಕ್ಕೂ ಒಳ್ಳೆಯ ಆಧಾರವಿದೆ. ಎಕ್ಸ್‌ಪೋಶರ್ ಸಾಮಾನ್ಯವಾಗಿ 8ರಿಂದ 15 ಭೇಟಿಗಳಲ್ಲಿ ಮುಗಿಯುತ್ತದೆ. ಇದರ ಕಷ್ಟವನ್ನೂ ಹೇಳಿಬಿಡುತ್ತೇನೆ. ಮೊದಲ ಕೆಲವು ಭೇಟಿಗಳಲ್ಲಿ ಕನಸು, ಕಿರಿಕಿರಿ ಜಾಸ್ತಿಯಾಗಬಹುದು. ಮನೆಯವರಿಗೆ ಮೊದಲೇ ತಿಳಿಸಿರಿ, ಇಲ್ಲದಿದ್ದರೆ 'ಚಿಕಿತ್ಸೆಯಿಂದಲೇ ಕೆಟ್ಟಿತು' ಅಂತ ನಡುವೆ ಬಿಡಿಸಿಬಿಡುತ್ತಾರೆ.

ಅಭ್ಯಾಸವನ್ನು ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ಮಾಡುವುದು ನಿಮ್ಮ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಫೋನಿನಲ್ಲಿ ಮಳೆ ಸದ್ದು ಹಾಕಿ ಹಗಲು ಕೇಳುವುದರಿಂದ ಶುರುಮಾಡಬಹುದು. ಆಮೇಲೆ ರಾತ್ರಿ, ದೀಪ ಆರಿಸಿ. ಆಮೇಲೆ ನಿಜವಾದ ಮಳೆಯಲ್ಲಿ ಶೀಟಿನ ಕೆಳಗೆ ಕೂತು. ಒಂದು ಪಾತ್ರೆಯಲ್ಲಿ ಹಸಿ ಮಣ್ಣು ತಂದಿಟ್ಟು ವಾಸನೆ ನೋಡುವುದೂ ಅಭ್ಯಾಸವೇ, ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ನಂತರ ಕುಶಾಲನಗರದಲ್ಲಿ ಒಂದು ರಾತ್ರಿ. ಮಳೆ ನಿಂತ ಮೇಲೆ, ನವೆಂಬರ್ ಡಿಸೆಂಬರ್‌ನಲ್ಲಿ ತವರು. ಅಂದು ನಡೆದ ತೋಟದ ದಾರಿಯಲ್ಲಿ ಹಗಲು ಹೊತ್ತಿನಲ್ಲಿ, ಅಣ್ಣನ ಜೊತೆ. ಮುಂದಿನ ಜೂನ್‌ನ ಮೊದಲ ಮಳೆಗೆ ಮತ್ತೆ, ಜಾಗ ಸುರಕ್ಷಿತ ಅಂತ ಗೊತ್ತಿದ್ದರೆ ಮಾತ್ರ. ಪ್ರತಿ ಸಲವೂ ಭಯ ಸೊನ್ನೆಗೆ ಇಳಿಯಬೇಕು ಅಂತಿಲ್ಲ. ಆಗುತ್ತದೆ ಅಂದುಕೊಂಡದ್ದು ಆಗಲಿಲ್ಲ ಅನ್ನುವುದನ್ನು ಮೈ ಗಮನಿಸುವಷ್ಟು ಹೊತ್ತು ಅಲ್ಲಿರಬೇಕು, ಅಷ್ಟು ಸಾಕು.

ಔಷಧಿಯ ವಿಷಯ. ಮಾತಿನ ಚಿಕಿತ್ಸೆ ಸಾಲದಿದ್ದರೆ, ಅಥವಾ ಖಿನ್ನತೆಯೂ ಸೇರಿಕೊಂಡಿದ್ದರೆ, ಸರ್ಟ್ರಾಲಿನ್, ಪ್ಯಾರಾಕ್ಸಟಿನ್‌ನಂಥ ಔಷಧಿಗಳು ಸಹಾಯ ಮಾಡುತ್ತವೆ. ಪರಿಣಾಮ ಕಾಣಲು ಕೆಲವು ವಾರ ಬೇಕು. ಮೊದಲು ಹೊಟ್ಟೆ ತೊಳಸುವುದು, ಚಡಪಡಿಕೆ ಬರಬಹುದು. ಲೈಂಗಿಕ ಆಸಕ್ತಿ ಕಡಿಮೆಯಾಗಬಹುದು, ಇದನ್ನು ನಾಚಿಕೊಳ್ಳದೆ ವೈದ್ಯರಿಗೆ ಹೇಳಿ. ಚಟ ಹಿಡಿಸುವುದಿಲ್ಲ, ಆದರೆ ಒಮ್ಮೆಲೇ ನಿಲ್ಲಿಸಬಾರದು. ಮತ್ತೆ ಮಗು ಬೇಕು ಅನ್ನುವ ಯೋಚನೆಯಿದ್ದರೆ ಮೊದಲೇ ತಿಳಿಸಬೇಕು.

ನಿಮ್ಮ ಬ್ಯಾಗಿನ ಮಾತ್ರೆಯ ಹೆಸರು ನೀವು ಬರೆದಿಲ್ಲ. ಆಲ್‌ಪ್ರಜೋಲಾಮ್, ಕ್ಲೊನಾಜೆಪಾಮ್ ಗುಂಪಿನದ್ದಾದರೆ ಕೇಳಿ. ಅವು ಅರ್ಧ ಗಂಟೆಯಲ್ಲಿ ಹಾಯೆನಿಸುತ್ತವೆ, ಅದಕ್ಕೇ ಅಭ್ಯಾಸವಾಗುತ್ತವೆ. ಪಿಟಿಎಸ್‌ಡಿಗೆ ಇವನ್ನು ನಾವು ಶಿಫಾರಸು ಮಾಡುವುದಿಲ್ಲ. ಇನ್ನೊಂದು ಕಾರಣವೂ ಇದೆ. ಮಾತ್ರೆಯ ಪ್ರಭಾವದಲ್ಲಿ ಕಲಿತ ಸಮಾಧಾನ ಮಾತ್ರೆಗೇ ಅಂಟಿಕೊಳ್ಳುತ್ತದೆ. ಮೈಯೊಳಗಿನ ಆ ಸ್ಥಿತಿಯೂ ಮಿದುಳಿಗೆ ಒಂದು ಜಾಗವೇ. ಸುಮ್ನೆ ಬ್ಯಾಗಿನಲ್ಲಿಟ್ಟುಕೊಳ್ಳುವುದು ಕೂಡ 'ಇದಿದೆ, ಅದಕ್ಕೇ ಉಳಿದೆ' ಅನ್ನುವ ಪಾಠ ಕಲಿಸುತ್ತದೆ. ದಿನಾ ತೆಗೆದುಕೊಳ್ಳುತ್ತಿದ್ದರೆ ಇದನ್ನು ಓದಿ ಇವತ್ತೇ ನಿಲ್ಲಿಸಬೇಡಿ, ಫಿಟ್ಸ್ ಬರುವ ಅಪಾಯವಿದೆ. ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಬೇಕು.

ಮಗಳ ವಿಷಯದಲ್ಲಿ ಗಾಬರಿ ಬೇಡ. ಭಯ ನೋಡಿ ಕಲಿಯುವಂಥದ್ದು. 1980ರ ದಶಕದಲ್ಲಿ ಸೂಸನ್ ಮಿನೆಕಾ ಅವರು, ಹಾವಿಗೆ ಹೆದರದ ಎಳೆಯ ಕೋತಿಗಳು ಹೆದರುವ ದೊಡ್ಡ ಕೋತಿಗಳನ್ನು ನೋಡಿ ಬೇಗನೆ ಹೆದರಲು ಕಲಿಯುತ್ತವೆ ಅಂತ ತೋರಿಸಿದರು. ಹೆದರದವರನ್ನು ಮೊದಲೇ ನೋಡಿದ್ದ ಕೋತಿಗಳಿಗೆ ಆ ಭಯ ಅಷ್ಟಾಗಿ ಹತ್ತಲಿಲ್ಲ ಅನ್ನುವುದೂ ಅವರ ಕೆಲಸದಿಂದಲೇ ಗೊತ್ತಾಯಿತು. ಹಾಗಾಗಿ ಮಳೆ ಬಂದಾಗ ಅವಳು ಸ್ವಲ್ಪ ಹೊತ್ತು ಅಪ್ಪನ ಜೊತೆಯೋ ಅಜ್ಜಿಯ ಜೊತೆಯೋ ಕಿಟಕಿ ಹತ್ತಿರ ಕೂರಲಿ, ಕಾಗದದ ದೋಣಿ ಬಿಡಲಿ. ನಿಮ್ಮ ಭಯವನ್ನು ಮುಚ್ಚಿಡಬೇಡಿ, ಮಕ್ಕಳಿಗೆ ಅದು ಹೇಗೂ ಗೊತ್ತಾಗುತ್ತದೆ. 'ಅಮ್ಮನಿಗೆ ಹಿಂದೊಮ್ಮೆ ಮಳೆಯಲ್ಲಿ ತುಂಬಾ ಹೆದರಿಕೆಯಾಗಿತ್ತು, ಈಗ ಈ ಮನೆಯಲ್ಲಿ ನಾವು ಕ್ಷೇಮವಾಗಿದ್ದೇವೆ' ಅನ್ನುವಷ್ಟು ಸಾಕು.

ಊಟ, ನಿದ್ದೆ ಪೂರ್ತಿ ಕೆಟ್ಟರೆ, ಬದುಕು ಬೇಡ ಅನ್ನಿಸಿದರೆ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ತವರಿನ ಕಡೆ ನಿಮ್ಮಂತೆ ಒದ್ದಾಡುವವರು ಇನ್ನೂ ಇರಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ, ತಾಲ್ಲೂಕು ಆಸ್ಪತ್ರೆಗೆ ಯಾವ ದಿನ ಬರುತ್ತಾರೆ ಅಂತ ವಿಚಾರಿಸಲು ಅವರಿಗೂ ಹೇಳಿ.

ಈ ವರ್ಷದ ಪುತ್ತರಿಗೆ ಹೋಗಲೇ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಷ್ಟರಲ್ಲಿ ನಿಮ್ಮ ಚಿಕಿತ್ಸಕರ ಜೊತೆ ಮೈಸೂರಿನ ಹಂತಗಳು ಮುಗಿದಿದ್ದರೆ, ಹೋಗಿ. ಒಂದು ರಾತ್ರಿಗೆ ವಾಪಸ್ ಬರಬೇಡಿ, ಎರಡು ಅಥವಾ ಮೂರು ರಾತ್ರಿ ಇರಿ. ಮೊದಲ ರಾತ್ರಿ ನಿದ್ದೆ ಸರಿ ಬರುವುದಿಲ್ಲ, ಎರಡನೆಯದು ಸಾಮಾನ್ಯವಾಗಿ ಅದಕ್ಕಿಂತ ಸುಲಭ. ಹೊರಡುವ ದಿನವನ್ನು ಮೊದಲೇ ಗೊತ್ತು ಮಾಡಿಕೊಳ್ಳಿ, ಭಯ ನೋಡಿಕೊಂಡು ಬದಲಿಸಬೇಡಿ. ನಿಮ್ಮ ಅಪ್ಪನಿಗೂ ಒಂದು ಮಾತು ಹೇಳಿ. ಮಗಳು ಹೆದರುತ್ತಾಳೆ ಅಂತ ಅವರು ಫೋನಿನಲ್ಲಿ ಮಳೆ ಸುದ್ದಿ ಮುಚ್ಚಿಡುತ್ತಿದ್ದರೆ ಇನ್ನು ಮುಚ್ಚಿಡುವುದು ಬೇಡ. ಮಳೆ ಎಷ್ಟು ಬಂತು, ಬರೆ ಹೇಗಿದೆ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಲಿ.